ನಳದ ನೀರನ್ನು ತಡೆದವರು ಯಾರು?

ವಾಗದರಿ ಎಂಬ ಊರಿನ ಕಲ್ಯಾಣಪ್ಪನ ಮನೆಯಲ್ಲಿ ನಳದ ನೀರು ಹದಿನೈದು ದಿನಗಳಿಂದ ಸೊರಗುತ್ತ ಬಂದಿತ್ತು. ಮೊದಲೆಲ್ಲ ಅವನ ಹೆಂಡತಿ ಗುರುಬಾಯಿ ಒಂದು ರೊಟ್ಟಿ ಬಡಿಯುವಷ್ಟರಲ್ಲಿ ಕೊಡ ತುಂಬುತ್ತಿತ್ತು. ಈಗ ನಾಲ್ಕು ರೊಟ್ಟಿ ಬೆಂದರೂ ಕೊಡದ ಕಂಠ ಒದ್ದೆಯಾಗುತ್ತಿರಲಿಲ್ಲ.

ಮನೆಯ ಹಿಂದಿನ ಬಾವಿ ಕಲ್ಯಾಣಪ್ಪನಿಗೂ ಗೋಡೆಯಾಚೆಯ ಮನೆಯಲ್ಲಿದ್ದ ಅವನ ತಮ್ಮ ಸಾತಲಿಂಗಪ್ಪನಿಗೂ ಸೇರಿದ್ದು. ಅದರಲ್ಲಿ ಇಬ್ಬರ ಮೋಟಾರುಗಳೂ ಇದ್ದವು. ನೀರು ಮಾಳಿಗೆಯ ಮೇಲಿನ ಟಾಕಿಗೆ, ಅಂದರೆ ತೊಟ್ಟಿಗೆ, ಏರಿ ಅಲ್ಲಿಂದ ನಳಕ್ಕೆ ಇಳಿಯುತ್ತಿತ್ತು. ಬೆಳಗ್ಗೆ ಅಣ್ಣನ ಪಾಳಿ, ಸಂಜೆ ತಮ್ಮನ ಪಾಳಿ. ತಮ್ಮನ ಹೆಂಡತಿ ಕಸ್ತೂರಬಾಯಿ ಗುರುಬಾಯಿಯ ಒಡಹುಟ್ಟಿದ ತಂಗಿ. ಆದರೂ ಕಲ್ಯಾಣಪ್ಪನ ಅನುಮಾನ ನೇರವಾಗಿ ಗೋಡೆಯಾಚೆಗೇ ಹೋಗಿ ನಿಂತಿತು. ತಮ್ಮನ ಅಂಗಳ ಒದ್ದೆಯಾಗಿದ್ದರೆ ಅದು ಸಾಕ್ಷಿ. ತಮ್ಮ ನಕ್ಕರೆ ಅದೂ ಸಾಕ್ಷಿ.

“ನಮ್ಮ ಪಾಳ್ಯಾಗ ಅಂವ ಗುಪಚಿಪ, ಯಾರಿಗೂ ಗೊತ್ತಾಗದಂಗ, ಮೋಟಾರ್ ಚಾಲೂ ಮಾಡ್ತಾನ. ನಾಳಿ ಅವನ ಪೈಪ್ ಕೊಯ್ದು ಒಗೀತೀನಿ,” ಎಂದು ಕಲ್ಯಾಣಪ್ಪ ಗರಗಸದ ಬ್ಲೇಡನ್ನು ಒರೆಸಿಟ್ಟ.

“ಆ ಪೈಪ್ ಕೊಯ್ದರ ನನ್ನ ತಂಗಿ ಮನ್ಯಾಗ ಕುಡಿಯಾಕ ಹನಿ ನೀರು ಇರಂಗಿಲ್ರಿ. ಆಮ್ಯಾಲ ಆಕಿ ನನ್ನ ಮಾರಿ ನೋಡ್ತಾಳೇನು?”

“ನೀ ತಂಗಿ ವಕೀಲಿ ಮಾಡಬ್ಯಾಡ.”

ಗುರುಬಾಯಿಯ ಬಚತ್ ಗಟದ, ಅಂದರೆ ಹೆಂಗಸರ ಉಳಿತಾಯ ಸಂಘದ, ಮನೀಷಾ ಪಂಪು, ಪೈಪುಗಳ ದುರಸ್ತಿ ಕಲಿತವಳು. ಮರುದಿನ ಬೆಳಗ್ಗೆ ಗಂಡ ಬ್ಲೇಡು ಹಿಡಿಯುವ ಮೊದಲೇ ಗುರುಬಾಯಿ ಅವಳನ್ನು ಕರೆತಂದಳು.

“ಕಾಕಾ, ಕೊಯ್ಯೂದು ಎಲ್ಲಿ ಹೋಗತದ? ಮೊದಲು ನೀರು ಎಲ್ಲಿ ಅಡ್ಡಾಗ್ಯದ ನೋಡೂಣ್ರಿ,” ಎಂದಳು ಮನೀಷಾ.

“ಅಂದ್ರ ನೀ ನನ್ನ ತಮ್ಮನ ಕಡಿಯಾಕಿ.”

“ನಾ ನೀರಿನ ಕಡಿಯಾಕಿರಿ.”

ಅವಳು ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗೆ ಇಳಿಬಿಟ್ಟಳು. ಎಂಟು ಮೊಳ ಹಗ್ಗ ಒದ್ದೆಯಾಗಿ ಬಂತು. ಬಾವಿಯಲ್ಲಿ ನೀರಿತ್ತು. ಬಳಿಕ ಬಾವಿಯ ದಂಡೆಯಲ್ಲೇ ಪೈಪಿನ ಜೋಡಣೆ ಬಿಚ್ಚಿಸಿ ಮೋಟಾರು ಚಾಲೂ ಮಾಡಿಸಿದಳು. ಹತ್ತು ಎಣಿಸುವಷ್ಟರಲ್ಲಿ ಬಕೆಟ್ ತುಂಬಿತು. ಮೋಟಾರೂ ಸರಿಯಾಗಿತ್ತು.

ಗೋಡೆಯಾಚೆಯಿಂದ ಸಾತಲಿಂಗಪ್ಪ, “ಅಣ್ಣಾ, ನಂದೂ ಪೈಪ್ ಬಿಚ್ಚಿ ನೋಡು. ಮನಸಿನ್ಯಾಗ ಇಟ್ಕೋಬ್ಯಾಡ,” ಎಂದ.

ಕಲ್ಯಾಣಪ್ಪ ಮನೀಷಾಳ ಕಡೆ ಬಾಗಿದ. “ಕಳ್ಳ ತಾನಽ ಬಾಗಲಾ ತಗದು ತೋರಸ್ತಾನ, ಯಾಕ? ಮಾಲು ಬ್ಯಾರೆ ಕಡಿ ಇಟ್ಟಿರ್ತಾನ.”

ಜೋಡಣೆ ಮತ್ತೆ ಬಿಗಿದು, ಮೋಟಾರು ಚಾಲೂ ಇಟ್ಟು, ಬಾವಿಯಿಂದ ಮನೆಯವರೆಗೆ ಪೈಪಿನ ಗುಂಟ ನಡೆದರು. ನೆಲ ಎಲ್ಲಿಯೂ ಹಸಿಯಾಗಿರಲಿಲ್ಲ; ಸೋರಿಕೆಯಿಲ್ಲ.

“ಮಾಳಗಿ ಮ್ಯಾಲಿನ ಟಾಕಿ ನೋಡೀರೇನು?” ಎಂದು ಕೇಳಿದಳು ಮನೀಷಾ.

“ನಳದಾಗ ನೀರಿಲ್ಲ ಅಂದ್ರ ಟಾಕ್ಯಾಗ ಎಲ್ಲಿಂದ ಬರಬೇಕು?”

ಮನೀಷಾ ಮೋಟಾರು ಬಂದ್ ಮಾಡಿಸಿ ಏಣಿ ಹತ್ತಿ ಮುಚ್ಚಳ ತೆಗೆದಳು. ಟಾಕಿ ತುಂಬಿ ತುಳುಕುತ್ತಿತ್ತು. ಹೆಚ್ಚಾದ ನೀರು ಹೊರಬೀಳುವ ಪೈಪು ಗೋಡೆಯಾಚೆಗೆ ಬಾಗಿತ್ತು. ತಮ್ಮನ ಅಂಗಳವನ್ನು ದಿನವೂ ಒದ್ದೆ ಮಾಡಿದ್ದು ಅಣ್ಣನದೇ ನೀರು.

ಕೆಳಗಿನಿಂದ ಸಾತಲಿಂಗಪ್ಪ ಹೇಳಿದ: “ಹದಿನೈದು ದಿನ ಆತು ನಮ್ಮ ಅಂಗಳದಾಗ ಬೀಳಾಕತ್ತದ. ಹೇಳಾಕ ಬಂದ್ರ ನೀ ಮಾರಿ ತಿರುವತಿದ್ದಿ.”

ಟಾಕಿ ತುಂಬಿದ್ದೂ ನಳಕ್ಕೆ ನೀರು ಇಳಿಯುತ್ತಿಲ್ಲವೆಂದರೆ ತಡೆ ಟಾಕಿಯ ತಳದಲ್ಲೇ ಇರಬೇಕು; ಅದನ್ನು ಖಾಲಿ ಮಾಡಿ ನೋಡಬೇಕಿತ್ತು. ಆ ನೀರನ್ನು ಚೆಲ್ಲಲು ಗುರುಬಾಯಿಗೆ ಮನಸ್ಸಾಗಲಿಲ್ಲ. ಒಂದೊಂದೇ ಬಕೆಟ್ ಇಳಿಸಿಕೊಂಡು ಗೋಡೆಯ ಮೇಲಿಂದ ತಂಗಿಯ ಕೊಡಗಳಿಗೆ ಸುರಿದಳು. ಕೊನೆಗೆ ಮನೀಷಾ ತೋಳು ಇಳಿಸಿ, ನಳಕ್ಕೆ ಹೋಗುವ ಪೈಪಿನ ಬಾಯಿಂದ ಏನನ್ನೋ ಬಿಚ್ಚಿ ಎಳೆದಳು. ಅದು ಕೆಂಪಂಚಿನ ಧೋತರದ ತುಂಡು, ನಾಲ್ಕು ಮಡಿಕೆಯದು; ಕೆಸರು ಹಿಡಿದು ರೊಟ್ಟಿಯಂತೆ ದಪ್ಪಗಾಗಿತ್ತು.

“ಇದು ನಮ್ಮ ಅತ್ತಿ ನೀರು ಸೋಸತಿದ್ದ ಅರಿವಿ,” ಎಂದಳು ಗುರುಬಾಯಿ.

ಕಲ್ಯಾಣಪ್ಪ ಏಣಿ ಹತ್ತಿ ಬಂದು ಆ ತುಂಡನ್ನು ಕೈಗೆ ತೆಗೆದುಕೊಂಡ. ತೀರಿಹೋದ ಅವನ ತಾಯಿ ಸೋಸದ ನೀರನ್ನು ಲಿಂಗಪೂಜೆಗೆ ಮುಟ್ಟುತ್ತಿರಲಿಲ್ಲ. ಶ್ರಾವಣದಲ್ಲಿ ಅವಳ ನೆನಪಿಗೆ, ಮನೆಗೆಲ್ಲ ಸೋಸಿದ ನೀರೇ ಸಿಗಲೆಂದು, ಅವನೇ ಆ ಬಟ್ಟೆಯನ್ನು ಅಲ್ಲಿ ಕಟ್ಟಿ ಮರೆತಿದ್ದ. ಆಮೇಲಿನ ಮಳೆಗೆ ಬಾವಿಗಿಳಿದ ಕೆಸರೆಲ್ಲ ಬಂದು ಅದರಲ್ಲಿ ಕೂತಿತ್ತು.

“ಅವ್ವನ ನೇಮ ಅದು,” ಎಂದ ಮೆಲ್ಲಗೆ.

“ನೇಮ ಬಿಡಬ್ಯಾಡ್ರಿ ಕಾಕಾ. ಅರಿವಿ ಕಣ್ಣಿಗೆ ಕಾಣೂವಲ್ಲಿ ಇರಲಿ. ಕೊಡದ ಬಾಯಿಗೆ ಕಟ್ಟರಿ, ದಿನಾ ತೊಳೀರಿ. ಕುಡಿಯೂ ನೀರು ಸೋಸಿದ ಮ್ಯಾಲ ಕುದಸರಿ. ಟಾಕಿ ತಳದಾಗ ಕಟ್ಟಿದ್ರ ತೊಳಿಯಾವ್ರು ಯಾರು?”

ಕೆಳಗೆ ನಳ ತಿರುವಿದಾಗ ನೀರು ಸದ್ದು ಮಾಡುತ್ತ ಕೊಡಕ್ಕೆ ಧುಮುಕಿತು. ಕಲ್ಯಾಣಪ್ಪ ಗೋಡೆಯ ಬಳಿ ಹೋಗಿ ತಮ್ಮನ ಕೈಗೆ ಬ್ಲೇಡು ಕೊಟ್ಟ.

“ಇದು ನಿನ್ನ ಹಂತ್ಯಾಕ ಇರಲಿ. ನನ್ನ ಕೈಯಾಗ ಬ್ಯಾಡ.”

ಸಾತಲಿಂಗಪ್ಪ ಅದನ್ನು ತಿರುಗಿಸಿ ನೋಡಿದ. “ಇದು ನಂದಽ ಅಲ್ಲೇನೋ ಅಣ್ಣಾ? ಎಂಟು ದಿನದಿಂದ ಹುಡುಕಾಕತ್ತೀನಿ.”

ಗೋಡೆಯ ಎರಡೂ ಬದಿಗೆ ಅಕ್ಕತಂಗಿಯರು ಸೆರಗು ಬಾಯಿಗಿಟ್ಟು ನಕ್ಕರು.

ಬಂಧುಗಳೇ, ನಿಮ್ಮ ನಳದ ನೀರು ಸೊರಗಿದರೆ ಮೊದಲು ನೆರೆಯವರ ಅಂಗಳ ಅಳೆಯಬೇಡಿ. ಬಾವಿಯಿಂದ ಹೊರಟು ನಳದವರೆಗೆ ನೀರಿನ ಜೊತೆ ನಡೆಯಿರಿ. ಬಾವಿಯ ಆಳ, ಮೋಟಾರು, ಪೈಪು, ಟಾಕಿ, ಎಲ್ಲವನ್ನೂ ಕಣ್ಣಾರೆ ನೋಡಿ. ಕೈ ಹಾಕುವ ಮೊದಲು ಕರೆಂಟು ತೆಗೆಯಿರಿ, ಬಾವಿಯ ದಂಡೆಗೆ ಒಬ್ಬರೇ ಹೋಗಬೇಡಿ, ತಿಳಿದವರನ್ನು ಕರೆಯಿರಿ. ಟಾಕಿಯ ಮುಚ್ಚಳ ತೆಗೆದು ಎಷ್ಟು ದಿನವಾಯಿತು? ಇಂದೇ ಏಣಿ ಹಚ್ಚಿ.