ಮೂವತ್ತೆಂಟನೆಯ ಕಾಗದ

"ಒಂದು ಪ್ರತಿ ತೆಗೆದುಕೊಟ್ಬಿಡಿ ಪೋಸ್ಟ್‌ಮಾಸ್ಟ್ರೇ, ನಂಗಿನ್ನೇನೂ ಬೇಡ," ಎಂದು ಮೆಕ್ಯಾನಿಕ್ ಮೂರನೆಯ ಸಲ ಹೇಳಿದ. ಬೆಳಗಿನ ಹನ್ನೊಂದು ಗಂಟೆ. ಹೊರಗೆ ಬಿಸಿಲು ಚುರುಗುಟ್ಟುತ್ತಿದ್ದರೂ ಅವನ ಮೈಮೇಲೆ ಉಣ್ಣೆಯ ಸ್ವೆಟರ್ ಇತ್ತು. ಇಪ್ಪತ್ತಾರು ವರ್ಷ ಕೋಲ್ಡ್ ರೂಮಿನ ಒಳಗೆ ಹೊರಗೆ ಓಡಾಡಿದವನಿಗೆ ಅದನ್ನು ತೆಗೆಯುವ ಅಭ್ಯಾಸವೇ ತಪ್ಪಿಹೋಗಿತ್ತು.

"ಹುಡುಕ್ತಾ ಇದ್ದೀನಲ್ಲಣ್ಣಾ, ತಡಿ," ಎಂದ ಪೋಸ್ಟ್‌ಮಾಸ್ಟರ್.

ಈ ಪೋಸ್ಟ್‌ಮಾಸ್ಟರ್ ಯಾವ ಅಂಚೆ ಕಚೇರಿಯವನೂ ಅಲ್ಲ. ಬೀಜ ಸಂಶೋಧನಾ ಕೇಂದ್ರದ ಮೇಲ್ ಯಂತ್ರವನ್ನು ನೋಡಿಕೊಳ್ಳುವವನು. ವಿಳಾಸ ತಪ್ಪಿ ತಿರುಗಿ ಬಂದ ಮೇಲ್‌ಗಳೆಲ್ಲ ಪೋಸ್ಟ್‌ಮಾಸ್ಟರ್ ಎಂಬ ಹೆಸರಿಗೆ ಬಂದು ಬೀಳುತ್ತವೆ. ಅವನ್ನು ಓದುವವನು ಇವನೊಬ್ಬನೇ ಆದ್ದರಿಂದ ಹೆಸರು ಇವನಿಗೇ ಅಂಟಿಕೊಂಡಿತು. ಕೇಂದ್ರದ ಉಳಿದವರೆಲ್ಲ ಬಣ್ಣದ ಪರದೆಯಲ್ಲಿ ಮೌಸ್ ಒತ್ತಿ ಮೇಲ್ ಕಳಿಸಿದರೆ ಇವನಿಗೆ ಕಪ್ಪು ಪರದೆ, ಬಿಳಿ ಅಕ್ಷರ, ಬೆರಳ ತುದಿಯಲ್ಲಿ ಕಮಾಂಡುಗಳು. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಜಂಬದ ಜೊತೆಗೆ ಒಂದು ರೋಗವೂ ಇತ್ತು. ಯಾವ ಕಾಗದವನ್ನೂ ಅವನು ಒಂದೇ ಏಟಿಗೆ ಮುಗಿಸುತ್ತಿರಲಿಲ್ಲ. ಕೋಪ ಬಂದಾಗ ಶುರುಮಾಡುವುದು, ಅರ್ಧಕ್ಕೆ ಬಂದಾಗ ಒಂದು ಪದ ಹಿಡಿಸದೆ ನಿಲ್ಲಿಸುವುದು. ನಿಲ್ಲಿಸಿದ ಕೂಡಲೇ ಮೇಲ್ ಪ್ರೋಗ್ರಾಂ ಕೇಳುತ್ತಿತ್ತು: ಈ ಪತ್ರವನ್ನು ಮುಂದೂಡಲೇ? ಇವನು ಹೂಂ ಎನ್ನುತ್ತಿದ್ದ. ಹಾಗೆ ಮುಂದೂಡಿದ್ದು ಒಟ್ಟು ಅರವತ್ತೊಂದು ಕಾಗದ. ಅದರಲ್ಲಿ ರಾಜೀನಾಮೆಗಳೇ ಮೂರು. "ನೀವು ಬರೆದು ಮುಗಿಸೋ ಹೊತ್ತಿಗೆ ಓದೋರೇ ಇರಲ್ಲ," ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು.

ಹಿಂದೆ ಕೇಂದ್ರದ ನಿರ್ದೇಶಕರಿಗೆ ಬರೆಸಿದ್ದ ಒಂದು ಕಾಗದದ ಪ್ರತಿಗಾಗಿಯೇ ಮೆಕ್ಯಾನಿಕ್ ಈಗ ಸ್ಟೂಲಿನ ಮೇಲೆ ಕೂತಿದ್ದ. ಕಳೆದ ತಿಂಗಳು ಒಂದು ಶನಿವಾರ ಕೋಲ್ಡ್ ರೂಮಿನ ಕಂಪ್ರೆಸರ್ ನಿಂತುಹೋಯಿತು. ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ಬೆಚ್ಚಗಿನ ಗಾಳಿ ಮುಖಕ್ಕೆ ಹೊಡೆಯಿತು. ಮೈನಸ್ ಹದಿನೆಂಟರಲ್ಲಿ ಇರಬೇಕಾದ ಹನ್ನೊಂದು ಸಾವಿರ ಬಾಟಲಿಗಳು ಬೆವರುತ್ತಿದ್ದವು. ಇಪ್ಪತ್ತೆಂಟು ವರ್ಷ ಊರೂರು ತಿರುಗಿ ಕೂಡಿಸಿದ ಬೀಜ, ಅದರಲ್ಲಿ ಕೆಲವು ತಳಿಗಳು ಈಗ ಯಾವ ಹೊಲದಲ್ಲೂ ಇಲ್ಲ. ಇಷ್ಟು ದೊಡ್ಡ ನಷ್ಟಕ್ಕೆ ಯಾರದಾದರೂ ತಲೆ ಉರುಳಲೇಬೇಕಲ್ಲ. ಇವತ್ತು ಮಧ್ಯಾಹ್ನ ಮೂರಕ್ಕೆ ಸಮಿತಿಯ ಮುಂದೆ ಮೆಕ್ಯಾನಿಕ್ಕಿನ ವಿಚಾರಣೆ. ಕಂಪ್ರೆಸರ್ ಕೆಟ್ಟಿರುವುದನ್ನು ಮೊದಲೇ ಏಕೆ ತಿಳಿಸಲಿಲ್ಲ ಎಂಬುದು ಆರೋಪ. ಸಾಬೀತಾದರೆ ಕೆಲಸದಿಂದ ವಜಾ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿತ್ತು.

ಅವನು ತಿಳಿಸಿದ್ದ. ಈ ಕೇಂದ್ರದಲ್ಲಿ ವರ್ಕ್‌ಶಾಪಿನವರಿಗೆ ಮೇಲ್ ವಿಳಾಸ ಕೊಟ್ಟಿಲ್ಲ. ಅವರು ಹೇಳುವುದೇನಿದ್ದರೂ ಪೋಸ್ಟ್‌ಮಾಸ್ಟರನ ಕೈಯಿಂದ ಹೋಗಬೇಕು. ಏಳು ತಿಂಗಳ ಹಿಂದೆ ಇದೇ ಸ್ಟೂಲಿನ ಮೇಲೆ ಕೂತು, "ಕಂಪ್ರೆಸರ್ ಗೊರಕೆ ಹೊಡೀತಾ ಇದೆ, ಬದಲಾಯಿಸ್ದೆ ಇದ್ರೆ ಒಂದಿನ ಕೈಕೊಡುತ್ತೆ ಅಂತ ಬರೀರಿ," ಎಂದು ಹೇಳಿ ಅವನು ಎದ್ದು ಹೋಗಿದ್ದ. ಮರುದಿನ ಕೇಳಿದ್ದಕ್ಕೆ ಪೋಸ್ಟ್‌ಮಾಸ್ಟರ್, "ಕಳಿಸಿದೆ ಕಣಣ್ಣಾ," ಎಂದಿದ್ದ. ಉತ್ತರ ಬಂತೇ ಎಂದು ಆಮೇಲೆ ಎರಡು ಸಲ ಕೇಳಿದಾಗ, "ಎಲ್ಲಿಂದ ಬರುತ್ತೆ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ," ಎಂದು ನಕ್ಕಿದ್ದ. ಇಬ್ಬರೂ ಸೇರಿ ನಿರ್ದೇಶಕರನ್ನು ಮನಸಾರೆ ಬೈದಿದ್ದರು.

ಕಳಿಸಿದ ಮೇಲ್‌ಗಳ ಕಡತವನ್ನು ಪೋಸ್ಟ್‌ಮಾಸ್ಟರ್ ಈಗ ಮೊದಲಿನಿಂದ ಕೊನೆಯವರೆಗೆ ಜಾಲಾಡಿದ. ಕಂಪ್ರೆಸರ್ ಎಂಬ ಪದವೇ ಅಲ್ಲಿರಲಿಲ್ಲ. ಮುಂದೂಡಿದ ಕಾಗದಗಳ ಕಡತದಲ್ಲಿ ಅದೇ ಪದವನ್ನು ಹುಡುಕಿದ. ಒಂದೇ ಒಂದು ಸಾಲು ಎದ್ದು ಬಂತು. ಮೂವತ್ತೆಂಟನೆಯ ಕಾಗದ, ಏಳು ತಿಂಗಳ ಹಿಂದಿನ ತಾರೀಖು: 'ಮಾನ್ಯರೇ, ಕೋಲ್ಡ್ ರೂಮಿನ ಕಂಪ್ರೆಸರ್ ವಿಪರೀತ ಶಬ್ದ ಮಾಡುತ್ತಿದ್ದು, ಕೂಡಲೇ'. ಅಷ್ಟೇ.

ಅವನಿಗೆ ಎಲ್ಲ ನೆನಪಾಯಿತು. 'ಕೂಡಲೇ' ಎಂದರೆ ನಿರ್ದೇಶಕರಿಗೆ ಆಜ್ಞೆ ಮಾಡಿದಂತಾಗುತ್ತದೆಯೋ ಏನೋ, 'ಸಾಧ್ಯವಾದಷ್ಟು ಬೇಗ' ಎನ್ನೋಣವೇ ಎಂದು ಯೋಚಿಸುತ್ತ ನಿಲ್ಲಿಸಿದ್ದ. ನಾಳೆ ಹೇಗೂ ಕಳಿಸುತ್ತೇನಲ್ಲ ಎಂಬ ಧೈರ್ಯದಲ್ಲಿ ಕಳಿಸಿದೆ ಎಂದಿದ್ದ. ಹೇಳುತ್ತ ಹೇಳುತ್ತ ತಾನೇ ಅದನ್ನು ನಂಬಿಬಿಟ್ಟಿದ್ದ. ಕಿನ್ನರಿಯೇ ನುಡಿಯದಿದ್ದರೆ ಕೋಣ ತಾನೆ ಏನು ಮಾಡೀತು?

"ಹಳೇದು ಬೇರೆ ಡಿಸ್ಕಲ್ಲಿದೆ. ಊಟ ಮುಗಿಸಿ ಬಾ, ತೆಗೆದಿಟ್ಟಿರ್ತೀನಿ," ಎಂದ. ಕನ್ನಡವನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ತೋರಿಸುವ ಆ ಪರದೆಯನ್ನು ಓದಲು ಬಾರದ ಮೆಕ್ಯಾನಿಕ್ ಅದನ್ನೂ ನಂಬಿ ಎದ್ದು ಹೋದ.

ಮೇಲ್ ಎಂದರೆ ಕೊನೆಗೆ ಬರೀ ಅಕ್ಷರಗಳ ಒಂದು ಫೈಲು. ಆ ವಾಕ್ಯವನ್ನು ಮುಗಿಸಿ, ಹಳೆಯ ತಾರೀಖು ಹಾಗೇ ಇಟ್ಟು, ಕಳಿಸಿದವುಗಳ ಕಡತಕ್ಕೆ ಸೇರಿಸಲು ನಾಲ್ಕು ಕಮಾಂಡು ಸಾಕು. ನಿರ್ದೇಶಕರ ಪೆಟ್ಟಿಗೆಗೂ ಒಂದು ಪ್ರತಿ ತುರುಕಬಹುದು. ಯಂತ್ರದ ಬೀಗದ ಕೈ ಇರುವುದೇ ಇವನೊಬ್ಬನ ಹತ್ತಿರ. ಮೆಕ್ಯಾನಿಕ್ ಉಳಿಯುತ್ತಾನೆ, ಆದರೆ ಇಲ್ಲದ ತಪ್ಪು ನಿರ್ದೇಶಕರ ಮೇಲೆ ಬೀಳುತ್ತದೆ. ಸುಳ್ಳು ಬೇಡವೆಂದರೆ ಇನ್ನೊಂದು ದಾರಿಯಿತ್ತು. ಮೂರು ಗಂಟೆಗೆ ಎದ್ದು ನಿಂತು, ಅವನು ಹೇಳಿದ್ದ, ಕಳಿಸದೆ ಬಿಟ್ಟವನು ನಾನು ಎನ್ನುವುದು. ಅದಕ್ಕೆ ಒಂದು ಕಮಾಂಡೂ ಬೇಡ. ಎರಡರಲ್ಲಿ ಯಾವುದು ಎಂದು ಅವನು ಯೋಚಿಸುತ್ತ ಕೂತ. ಯೋಚಿಸುತ್ತ ಕೂರುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಒಂದೂವರೆಗೆ ನಿರ್ದೇಶಕರೇ ಬಾಗಿಲಲ್ಲಿ ನಿಂತಿದ್ದರು.

"ಏನ್ರೀ, ಕಾಗದ ಕಳ್ಸಿದ್ದೆ ಅಂತಾನಂತಲ್ಲ ನಮ್ಮ ಮೆಕ್ಯಾನಿಕ್ಕು? ನನಗೇನಾದ್ರೂ ಬಂದಿತ್ತಾ?"

ಪೋಸ್ಟ್‌ಮಾಸ್ಟರ್ ಎದ್ದು ನಿಂತ. "ಇಲ್ಲ ಸಾರ್."

"ಮತ್ತೆ?" ನಿರ್ದೇಶಕರು ನಿರಾಳವಾಗಿ ಉಸಿರುಬಿಟ್ಟರು. "ಪಾಪ, ವಯಸ್ಸಾಗಿದೆ, ಮರ್ತಿರ್ತಾನೆ. ನಾನೇನು ಕಟುಕ ಅಲ್ಲಪ್ಪ. ತಿಳಿಸೋದಕ್ಕೆ ಮರೆತೆ, ತಪ್ಪಾಯ್ತು ಅಂತ ಒಂದು ಕಾಗದ ಬರೆದುಕೊಡ್ಲಿ. ವಜಾ ಬೇಡ, ಈಗ್ಲೇ ನಿವೃತ್ತಿ ತಗೊಂಡು ಹೋಗ್ಲಿ. ಮೂರರೊಳಗೆ ಸಮಿತಿಗೆ ತಲುಪಬೇಕು. ನೀವೇ ಬರೆದುಕೊಟ್ಬಿಡಿ, ಹೇಗೂ ಅವ್ರ ಕಾಗದ ಎಲ್ಲಾ ನೀವೇ ತಾನೆ ಬರೆಯೋದು?"

"ಆಯ್ತು ಸಾರ್."

ಇಲ್ಲ ಸಾರ್, ಆಯ್ತು ಸಾರ್. ಎರಡರಲ್ಲೂ ಸುಳ್ಳಿರಲಿಲ್ಲ. ಅವನ ನಾಲಿಗೆಗೆ ಅಷ್ಟು ಸಮಾಧಾನ ಸಾಕಾಯಿತು.

ಎರಡೂಕಾಲಿಗೆ ಮೆಕ್ಯಾನಿಕ್ ಬಂದು ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ.

"ಸಿಗಲಿಲ್ಲ ಅಣ್ಣಾ. ಎಲ್ಲೋ ದಾರೀಲಿ ಕಳೆದುಹೋಗಿರ್ಬೇಕು."

"ದಾರೀಲಿ ಕಳ್ಕೊಳ್ಳೋಕೆ ಅದೇನು ಸೈಕಲ್ ಕೀಲಿನಾ?" ಎಂದು ಮೆಕ್ಯಾನಿಕ್ ನಕ್ಕ. ನಗು ತುಟಿ ದಾಟಲಿಲ್ಲ. ನಿರ್ದೇಶಕರು ಹೇಳಿದ್ದನ್ನೆಲ್ಲ ಪೋಸ್ಟ್‌ಮಾಸ್ಟರ್ ತಿಳಿಸಿದಾಗ ಕೊನೆಯವರೆಗೆ ಕೇಳಿದ. ಆಮೇಲೆ, "ಆ ಗೊರಕೆ ನನ್ ಕಿವೀಲಿ ಇನ್ನೂ ಕೇಳುತ್ತೆ. ಹೇಳಿದ್ದೆ ತಾನೆ ನಾನು ನಿಮಗೆ? ನಂಗೇ ಅನುಮಾನ ಬರೋಕೆ ಶುರುವಾಗಿದೆ," ಎಂದ.

"ಹೇಳಿದ್ದೆ."

"ಅಷ್ಟು ಸಾಕು ಬಿಡಿ. ಬರೀರಿ. ವಜಾ ಅಂದ್ರೆ ಮನೇಲಿ ಏನಂತ ಹೇಳ್ಲಿ?"

ಪೋಸ್ಟ್‌ಮಾಸ್ಟರ್ ಹೊಸ ಪತ್ರದ ಕೀಲಿ ಒತ್ತಿದ. ಪರದೆಯ ತಳದಲ್ಲಿ ಎಂದಿನ ಸಾಲು ಮೂಡಿತು: ಮುಂದೂಡಿದ ಪತ್ರಗಳಿವೆ, ಮುಂದುವರಿಸಲೇ?

"ಅದೇನೋ ಕೇಳ್ತಾ ಇದೆಯಲ್ಲ," ಎಂದ ಮೆಕ್ಯಾನಿಕ್, ಪ್ರಶ್ನೆಯ ಗುರುತಿನ ಮೇಲೆ ಬೆರಳಿಟ್ಟು.

"ಏನಿಲ್ಲ. ಯಾವಾಗ್ಲೂ ಕೇಳುತ್ತೆ."

"ನೀವೇನಂತೀರಿ?"

"ಬೇಡ ಅಂತೀನಿ."

"ಯಾವಾಗ್ಲೂ?"

ಪೋಸ್ಟ್‌ಮಾಸ್ಟರ್ ಏಳು ತಿಂಗಳಲ್ಲಿ ಎಷ್ಟೋ ನೂರು ಕಾಗದ ಬರೆದಿದ್ದ, ಪ್ರತಿಯೊಂದಕ್ಕೂ ಮೊದಲು ಆ ಯಂತ್ರ ಇದನ್ನೇ ಕೇಳಿತ್ತು. ಬೆರಳು ತಾನಾಗಿ, ಬೇಡ ಎನ್ನುವ ಎನ್ ಕೀಲಿಯ ಮೇಲೆ ಹೋಯಿತು. ಒಂದು ಕ್ಷಣ ಅಲ್ಲೇ ನಿಂತಿತು. ಒತ್ತಿತು.

ಕಾಗದ ಸರಾಗವಾಗಿ ಬಂತು. ಕೆಳಗೆ ಸಹಿ ಮಾಡಿರುವ ನಾನು, ಕಂಪ್ರೆಸರ್ ಕೆಟ್ಟಿರುವ ವಿಷಯವನ್ನು ಮೇಲಧಿಕಾರಿಗಳಿಗೆ ತಿಳಿಸಲು ಮರೆತಿದ್ದು, ಈ ಲೋಪಕ್ಕೆ ನಾನೊಬ್ಬನೇ ಹೊಣೆಗಾರನಾಗಿರುತ್ತೇನೆ. ಎಲ್ಲೂ ಪದಕ್ಕೆ ತಡವರಿಸಲಿಲ್ಲ, ಒಂದು ಅಕ್ಷರವನ್ನೂ ತಿದ್ದಲಿಲ್ಲ. ನಾಲ್ಕು ನಿಮಿಷದಲ್ಲಿ ಮುಗಿಸಿ, ಓದಿ ಹೇಳಿ, ಕಳಿಸುವ ಕೀಲಿ ಒತ್ತಿದ.

"ಹೋಯ್ತಾ?"

"ಹೋಯ್ತು."

ಮೆಕ್ಯಾನಿಕ್ ಪರದೆಯ ಕಡೆ ನೋಡಿದ. "ಆವತ್ತೂ ನಾನು ಹೀಗೇ ಪಕ್ಕದಲ್ಲಿ ಕೂತಿರ್ಬೇಕಿತ್ತು," ಎಂದ. ಎದ್ದು, ಸ್ಟೂಲನ್ನು ಅದರ ಜಾಗಕ್ಕೆ ತಳ್ಳಿದ. ಬಾಗಿಲ ಬಳಿ ನಿಂತು ಸ್ವೆಟರನ್ನು ತಲೆಯ ಮೇಲಿನಿಂದ ಎಳೆದು ತೆಗೆದ. ಒಳಗಿನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಸ್ವೆಟರನ್ನು ತೋಳ ಮೇಲೆ ಹಾಕಿಕೊಂಡು ಮೆಟ್ಟಿಲಿಳಿದು ಹೋದ.