ಲಾರಿಯಿಂದ ಬಿದ್ದದ್ದು

ಮೆಡಿಕಲ್ ಬೋರ್ಡಿನಿಂದ ಎರಡನೆಯ ಸಲವೂ ಬರಿಗೈಯಲ್ಲಿ ಮರಳಿದ ದಿನ ಯಕ್ಷಿತಾ ಮಧ್ಯಾಹ್ನದ ಸ್ಲೋ ಲೋಕಲ್ ರೈಲು ಹಿಡಿದು ಭಾಂಡುಪ್‌ಗೆ ಹೊರಟಳು. ಲೇಡೀಸ್ ಡಬ್ಬಿಯಲ್ಲಿ ಹೆಚ್ಚು ಜನರಿರಲಿಲ್ಲ. ಬಲಗಾಲನ್ನು ಎದುರಿನ ಸೀಟಿನಡಿ ಚಾಚಿ ಕೂತಳು. ಮಂಡಿಗೆ ಬಿಗಿದ ಪಟ್ಟಿಯೊಳಗೆ ಬೆವರಿ ತುರಿಸುತ್ತಿತ್ತು. ಬಗ್ಗಿ ಕೆರೆದುಕೊಳ್ಳುವುದೂ ಬೇಡವೆನಿಸಿತ್ತು.

ಅಗ್ನಿವೀರ್ ಆಗಿ ನೌಕಾಪಡೆಗೆ ಸೇರಿ ಅವಳಿಗೆ ಮೂರು ವರ್ಷ ದಾಟಿತ್ತು. ನಾಲ್ಕು ತುಂಬಿದ ಮೇಲೆ ನಾಲ್ವರಲ್ಲಿ ಒಬ್ಬರನ್ನು ಉಳಿಸಿಕೊಂಡರೆ ಹೆಚ್ಚು, ಮಿಕ್ಕವರು ಮನೆಗೆ. ಬಂದರಿನ ಪಕ್ಕದ ಒಂದು ಉಗ್ರಾಣದಲ್ಲಿ ಅವಳ ಡ್ಯೂಟಿ. ಹಡಗುಗಳಿಗೆ ಬೇಕಾದ ಸಾಮಾನು ಇಳಿಸುವುದು, ಜೋಡಿಸುವುದು, ಮತ್ತೆ ಲಾರಿಗೆ ಏರಿಸುವುದು. ಹೋದ ಮಳೆಗಾಲದಲ್ಲಿ ಬಿದ್ದು ಮಂಡಿ ತಿರುಚಿಕೊಂಡಿದ್ದಳು. ಮೊದಲು ಉಳುಕು ಅಂದರು. ನಾಲ್ಕು ತಿಂಗಳಾದರೂ ಮೆಟ್ಟಿಲಿಳಿಯುವಾಗ ಕಾಲು ಇದ್ದಕ್ಕಿದ್ದಂತೆ ಕುಸಿಯುತ್ತಿದ್ದುದರಿಂದ ಸ್ಕ್ಯಾನ್ ಮಾಡಿಸಿದರು. ಒಳಗೆ ಲಿಗಮೆಂಟ್ ಹರಿದಿತ್ತು.

ಆಪರೇಷನ್ ಆಗಬೇಕು. ಅದಕ್ಕೂ ಮೊದಲು ನೌಕಾ ಆಸ್ಪತ್ರೆಯ ಬೋರ್ಡ್ ಅವಳನ್ನು ಪರೀಕ್ಷಿಸಿ, ಯಾವ ಕೆಲಸ ಮಾಡಬಲ್ಲಳು, ಗಾಯ ಡ್ಯೂಟಿಯಲ್ಲಿ ಆದದ್ದೋ ಅಲ್ಲವೋ ಎಂದು ಬರೆಯಬೇಕು. ಅದಕ್ಕೆ ಅವಳ ಘಟಕದಿಂದ ಒಂದು ವರದಿ ಬರಬೇಕಿತ್ತು. ಎರಡು ಸಲವೂ ಬಂದಿರಲಿಲ್ಲ. ಆಸ್ಪತ್ರೆಯ ಕೌಂಟರಿನಲ್ಲಿದ್ದವನು ಇವತ್ತು ಅವಳ ಮುಖ ನೋಡಿಯೇ ತಲೆ ಅಲ್ಲಾಡಿಸಿದ್ದ.

ಭಾಂಡುಪ್ ಸ್ಟೇಷನ್ನಿನ ಸೇತುವೆಯನ್ನು ಒಂದೊಂದೇ ಮೆಟ್ಟಿಲು ಹಿಡಿದು ದಾಟಿ, ಗುಡ್ಡದ ಓರೆಗೆ ಒಂದೇ ಸಾಲಿನ ಪುಟ್ಟ ಮನೆಗಳ ಚಾಳ್ ತಲುಪುವಾಗ ನಾಲ್ಕು ಗಂಟೆ. ಅಪ್ಪ ಮೋನಪ್ಪ ಮನೆಯಲ್ಲಿಯೇ ಇದ್ದರು. ವಿಕ್ರೋಳಿಯ ಒಂದು ಹೋಟೆಲಿನಲ್ಲಿ ಬೆಳಗಿನ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದರು. ಮೂವತ್ತು ವರ್ಷ ಚಹಾ ಕೌಂಟರಿನಲ್ಲಿ ನಿಂತ ಕಾಲುಗಳನ್ನು ಗೋಡೆಗೆ ಎತ್ತಿ ಇಟ್ಟು ಮಲಗುವುದು ಅವರ ಅಭ್ಯಾಸ.

"ಎಂತ ಆಯ್ತು?" ಅಂದರು.

"ಇವತ್ತು ಸಹ ಆಗ್ಲಿಲ್ಲ ಪಪ್ಪಾ. ರಿಪೋರ್ಟ್ ಕಳಿಸ್ಲೇ ಇಲ್ಲ."

"ಕೇಳ್ಬೇಕಲ್ಲ ಮಗಾ ಅವರ ಹತ್ರ."

"ಕೇಳ್ದೆ. ಎರಡು ಸಲ ಕೇಳ್ದೆ."

ಅಮ್ಮ ನೀಲಾವತಿ ಅವಳ ಕಾಲ ಬಳಿ ಕೂತು ಪಟ್ಟಿ ಬಿಚ್ಚಿದರು. ಮಂಡಿ ಊದಿತ್ತು. "ಮೆಟ್ಲು ನೋಡಿ ಇಳೀಬೇಕಿತ್ತು ನೀನು," ಎಂದರು. ಈ ಮಾತನ್ನು ಆರು ತಿಂಗಳಿಂದ ಎಷ್ಟು ಸಲ ಹೇಳಿದ್ದರೋ. ಅದರಲ್ಲಿ ಸಿಟ್ಟಿರಲಿಲ್ಲ. ಆದರೂ ಅವತ್ತು ಅದು ಯಕ್ಷಿತಾಗೆ ತಡೆಯದಾಯಿತು.

"ಮೆಟ್ಲಿಂದ ಬಿದ್ದದ್ದಲ್ಲ ಅಮ್ಮ. ಲಾರಿಯಿಂದ ಬಿದ್ದದ್ದು."

ಮೋನಪ್ಪ ಕಾಲು ಇಳಿಸಿ ಎದ್ದು ಕೂತರು.

ಅವಳು ಹೇಳಿದಳು, ಅರ್ಧ ಕನ್ನಡ, ಅರ್ಧ ಹಿಂದಿ. ಮಳೆ ಬರುತ್ತಿತ್ತು. ಪಂಪಿನ ಬಿಡಿಭಾಗಗಳ ಮರದ ಪೆಟ್ಟಿಗೆಗಳನ್ನು ಲಾರಿಯಿಂದ ಇಳಿಸಬೇಕಿತ್ತು. ಒಂದು ಪೆಟ್ಟಿಗೆಗೆ ನಾಲ್ಕು ಜನ ಬೇಕು. ಅವಳು ಮತ್ತು ಜೊತೆಯ ಅಗ್ನಿವೀರ್, ಸಾತಾರಾದ ಸ್ನೇಹಲ್, ಇಬ್ಬರೇ ಇದ್ದರು. ಕಾಯೋಣವೆಂದರೆ ಉಗ್ರಾಣದ ಮೇಲ್ವಿಚಾರಕ ಚೀಫ್ ಕೇಳಲಿಲ್ಲ. ಲಾರಿಯ ಹಿಂಬದಿಯ ಕಬ್ಬಿಣದ ಹಲಗೆ ಒದ್ದೆಯಾಗಿತ್ತು. ಅವಳು ಪೆಟ್ಟಿಗೆಯ ಜೊತೆಗೇ ಕೆಳಗೆ ಬಿದ್ದಳು. ಸಂಜೆ ಚೀಫ್ ಬ್ಯಾರಕ್ಕಿಗೆ ಬಂದು, ಲಾರಿ ಅಂತ ಬರೆದರೆ ವಿಚಾರಣೆ ಆಗುತ್ತದೆ, ಎಲ್ಲರಿಗೂ ತೊಂದರೆ, ಹೇಗೂ ಬರೀ ಉಳುಕು ಎಂದು ಹೇಳಿ, ಬ್ಯಾರಕ್ಕಿನ ಮೆಟ್ಟಿಲಲ್ಲಿ ಜಾರಿದೆ ಎಂದು ಬರೆದಿದ್ದ ಕಾಗದ ಮುಂದಿಟ್ಟ. ಅವಳು ಸಹಿ ಹಾಕಿದಳು.

"ನಮ್ಗೆ ಯಾಕೆ ಹೇಳ್ಲಿಲ್ಲ?" ಅಪ್ಪ ಕೇಳಿದರು.

"ಒಂದು ಸಲ ಮೆಟ್ಲು ಅಂತ ಹೇಳಿ ಆಗಿತ್ತು. ಮತ್ತೆ ಎಲ್ಲಾ ಕಡೆ ಅದನ್ನೇ ಹೇಳೋದು ಸುಲಭ ಆಯ್ತು."

ನೀಲಾವತಿ ಎದ್ದು ಐಸ್ ತಂದು ಬಟ್ಟೆಯಲ್ಲಿ ಸುತ್ತಿ ಮಂಡಿಯ ಮೇಲಿಟ್ಟರು. ಮೆಟ್ಟಿಲಿನ ಮಾತನ್ನು ಆಮೇಲೆ ಅವರು ಎತ್ತಲಿಲ್ಲ.

ಸೋಮವಾರ ಯಕ್ಷಿತಾ ತನ್ನ ವಿಭಾಗದ ಅಧಿಕಾರಿಯ ಕೋಣೆಯ ಹೊರಗೆ ಕಾದಳು. ಒಂಬತ್ತಕ್ಕೆ ಹೋದವಳನ್ನು ಹನ್ನೆರಡೂವರೆಗೆ ಕರೆದರು. ಅಲ್ಲಿ ಕುರ್ಚಿ ಇರಲಿಲ್ಲ. ಕಾಲು ಬದಲಾಯಿಸುತ್ತ, ಬೆನ್ನನ್ನು ಗೋಡೆಗೆ ತಾಗಿಸಿ, ಯಾರಾದರೂ ಬಂದರೆ ನೆಟ್ಟಗಾಗುತ್ತ ನಿಂತಿದ್ದಳು.

ಅಧಿಕಾರಿ ಗದರುವ ಮನುಷ್ಯನಾಗಿರಲಿಲ್ಲ. ಗದರಿದ್ದರೆ ವಾಸಿಯಿತ್ತು ಎಂದು ಅವಳಿಗೆ ಅನಿಸುತ್ತಿತ್ತು. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಹಿಂದಿಯಲ್ಲಿ ಮೆಲ್ಲಗೆ ಹೇಳಿದರು: "ವರದಿ ಈ ವಾರ ಹೋಗುತ್ತೆ. ಆದರೆ ನೀನು ಸಹಿ ಮಾಡಿದ ಕಾಗದದಲ್ಲಿ ಮೆಟ್ಟಿಲು ಅಂತ ಇದೆ. ನಾನು ಬೇರೆ ಹೇಗೆ ಬರೀಲಿ?"

"ಸರ್, ಅದು ತಪ್ಪು ಅಂತ ಈಗ ಹೇಳ್ತಿದ್ದೇನೆ."

"ಆರು ತಿಂಗಳು ಬಿಟ್ಟು. ಉಳಿಸಿಕೊಳ್ಳುವವರ ಪಟ್ಟಿ ಮಾಡುವ ಹೊತ್ತಿಗೆ." ಪೆನ್ನಿನ ಮುಚ್ಚಳ ಹಾಕಿದರು. "ನೋಡು, ಇಲ್ಲಿ ಇಪ್ಪತ್ತು ಜನರ ಕೆಲಸವನ್ನು ಹದಿಮೂರು ಜನ ಮಾಡ್ತಿದ್ದಾರೆ. ನೀನು ವಾರಕ್ಕೆ ಎರಡು ದಿನ ಆಸ್ಪತ್ರೆ ಅಂತೀಯ. ಉಳಿದವರು ಏನಂದುಕೊಳ್ತಾರೆ ಅಂತ ಯೋಚನೆ ಮಾಡಿದ್ದೀಯಾ?"

ಅವಳು ಯೋಚನೆ ಮಾಡಿದ್ದಳು. ಊಟದ ಮೇಜಿನಲ್ಲಿ ತನ್ನ ಪಕ್ಕದ ಜಾಗ ಖಾಲಿ ಉಳಿಯುವುದನ್ನು ಎರಡು ತಿಂಗಳಿಂದ ನೋಡುತ್ತಿದ್ದಳು. "ಯೆಸ್ ಸರ್," ಎಂದು ಹೊರಗೆ ಬಂದಳು.

ಮರುದಿನದಿಂದ ಅವಳಿಗೆ ಗೇಟಿನಲ್ಲಿ ನಿಂತು ಪಾಸ್ ನೋಡುವ ಕೆಲಸ. ಹೆಚ್ಚು ಹೊತ್ತು ನಿಲ್ಲಬಾರದು ಎಂದು ಡಾಕ್ಟರ್ ಕೊಟ್ಟ ಚೀಟಿ ಚೀಫ್ ಬಳಿಯೇ ಇತ್ತು. "ಭಾರ ಎತ್ತುವ ಕೆಲಸ ಅಲ್ಲವಲ್ಲ," ಎಂದ ಆತ.

ಆ ವಾರ ಅವಳು ಸ್ನೇಹಲ್‌ಳನ್ನು ಕೇಳಿದಳು. ಬ್ಯಾರಕ್ಕಿನ ಹಿಂದೆ ಬಟ್ಟೆ ಒಣಹಾಕುವ ಜಾಗದಲ್ಲಿ ಇಬ್ಬರೇ ಇದ್ದರು.

"ನೀನು ಕಂಡದ್ದನ್ನು ಎರಡು ಸಾಲು ಬರೆದುಕೊಡ್ತೀಯಾ?"

ಸ್ನೇಹಲ್ ಒದ್ದೆ ಅಂಗಿಯನ್ನು ಹಿಂಡುತ್ತಲೇ ಇದ್ದಳು. "ನನ್ನ ಮನೆಯ ಪರಿಸ್ಥಿತಿ ನಿನಗೆ ಗೊತ್ತು ಯಕ್ಷಿ. ನಾನು ಪಟ್ಟಿಯಲ್ಲಿ ಬರಲೇಬೇಕು. ನನ್ನ ಹೆಸರು ಎಲ್ಲೂ ಬರೀಬೇಡ, ಪ್ಲೀಸ್."

ಜಗಳವಾಡಬೇಕು ಅನಿಸಬೇಕಿತ್ತು. ಯಕ್ಷಿತಾಗೆ ಮಲಗಿದರೆ ಸಾಕು ಅನಿಸಿತು. ಅಂಗಿಯ ಇನ್ನೊಂದು ತುದಿ ಹಿಡಿದು ಹಿಂಡಲು ಕೈಜೋಡಿಸಿದಳು. ಇಬ್ಬರೂ ಸೇರಿ ಬಕೆಟ್ ಖಾಲಿ ಮಾಡಿದರು.

ಮೂರನೆಯ ಸಲ ಬೋರ್ಡ್ ಕೂತಿತು. ಬೋರ್ಡಿನ ಹಿರಿಯ ವೈದ್ಯೆ ಐವತ್ತರ ಹತ್ತಿರದವರು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಓದುತ್ತಿದ್ದರು. ಮಂಡಿಯನ್ನು ಮಡಿಸಿ, ಎಳೆದು, ಒತ್ತಿ ನೋಡಿದರು. ಆಮೇಲೆ ಘಟಕದಿಂದ ಬಂದ ವರದಿಯನ್ನು ಅವಳ ಕಡೆ ತಿರುಗಿಸಿದರು.

ಬ್ಯಾರಕ್ಕಿನ ಮೆಟ್ಟಿಲಲ್ಲಿ, ಡ್ಯೂಟಿ ಇಲ್ಲದಾಗ ಬಿದ್ದದ್ದು ಎಂದಿತ್ತು. ಅದು ನಿರೀಕ್ಷಿತವೇ. ಅದರ ಕೆಳಗಿನ ಸಾಲು ಅವಳಿಗೆ ಗೊತ್ತಿರಲಿಲ್ಲ: ಕೆಲಸದಲ್ಲಿ ಸಾಧಾರಣ, ಆಸಕ್ತಿ ಕಡಿಮೆ, ಗಾಯದ ನೆಪದಲ್ಲಿ ಡ್ಯೂಟಿ ತಪ್ಪಿಸುವ ಪ್ರವೃತ್ತಿ. ಅವಳು ಅದನ್ನು ಎರಡು ಸಲ ಓದಿದಳು. ಹಿಂದಿನ ವರ್ಷ ಅತ್ಯಂತ ಹೆಚ್ಚು ಪಾಳಿ ಮಾಡಿದವಳೆಂದು ಇದೇ ಅಧಿಕಾರಿ ಎಲ್ಲರೆದುರು ಅವಳ ಹೆಸರು ಕೂಗಿದ್ದರು.

"ಇಲ್ಲಿ ನಿನ್ನ ಹೇಳಿಕೆ ಬರೀಬೇಕು," ವೈದ್ಯೆ ಖಾಲಿ ಜಾಗ ತೋರಿಸಿದರು. "ವರದಿಗೆ ಒಪ್ಪಿಗೆ ಇದ್ದರೆ ಒಪ್ಪಿಗೆ ಅಂತ ಬರಿ, ಸಾಕು."

ಯಕ್ಷಿತಾ ಪೆನ್ನು ತೆಗೆದುಕೊಂಡಳು. ತಾರೀಕು ಬರೆದಳು. ಲಾರಿ, ಪೆಟ್ಟಿಗೆ, ಮಳೆ, ಇಳಿಸಲು ಹೇಳಿದವರು ಯಾರು, ಸಂಜೆ ಕಾಗದ ತಂದವರು ಯಾರು, ಅದಕ್ಕೆ ತಾನೇ ಸಹಿ ಹಾಕಿದ್ದು, ಎಲ್ಲವನ್ನೂ ಬರೆದಳು. ಇನ್ನೊಬ್ಬಳು ಜೊತೆಗಿದ್ದಳೆಂದು ಬರೆದಳು, ಹೆಸರು ಬರೆಯಲಿಲ್ಲ. ಖಾಲಿ ಜಾಗ ಸಾಲದೆ ಪುಟದ ಹಿಂದಕ್ಕೆ ಹೋದಳು.

ವೈದ್ಯೆ ಓದಿ ಮುಗಿಸಿ ಕನ್ನಡಕ ತೆಗೆದರು. "ಸುಳ್ಳು ಹೇಳಿಕೆಗೆ ಸಹಿ ಮಾಡಿದ್ದೆ ಅಂತ ನೀನೇ ಒಪ್ಪಿಕೊಂಡಿದ್ದೀಯ. ಅದಕ್ಕೆ ಶಿಕ್ಷೆ ಆಗಬಹುದು. ಗೊತ್ತಿದೆಯಾ?"

"ಗೊತ್ತು ಮೇಡಂ."

"ಮತ್ತೆ ಯಾಕೆ?"

"ಸುಸ್ತಾಗಿದೆ ಮೇಡಂ," ಅಂದಳು. "ಮೆಟ್ಟಿಲು ಅಂತ ಹೇಳಿ ಹೇಳಿ."

ವೈದ್ಯೆ ಸಮಾಧಾನದ ಮಾತೇನೂ ಆಡಲಿಲ್ಲ. "ಬಿದ್ದ ದಿನ ಮಂಡಿಯನ್ನು ಮೊದಲು ನೋಡಿದವರು ಯಾರು?" ಎಂದು ಮಾತ್ರ ಕೇಳಿದರು. ಘಟಕದ ಚಿಕಿತ್ಸಾ ಕೋಣೆಯ ಸಹಾಯಕ ಎಂದಳು. ಅವನಿಗೆ ಏನು ಹೇಳಿದ್ದೆ ಎಂದರು. ಚೀಫ್ ಬಂದದ್ದು ಸಂಜೆ. ಬೆಳಿಗ್ಗೆ ಅವಳು ನಿಜವನ್ನೇ ಹೇಳಿದ್ದಳು. ಆರು ತಿಂಗಳಲ್ಲಿ ಅದು ಅವಳಿಗೇ ಮರೆತುಹೋಗಿತ್ತು.

ವೈದ್ಯೆ ಆ ಕೋಣೆಯ ರಿಜಿಸ್ಟರ್ ತರಿಸಲು ಬರೆದರು. ಹತ್ತು ದಿನಕ್ಕೆ ಅದರ ಪ್ರತಿ ಬಂತು. ಬೆಳಿಗ್ಗೆ ಹನ್ನೊಂದೂ ಇಪ್ಪತ್ತು, ಲಾರಿಯಿಂದ ಬಿದ್ದು ಬಲಮಂಡಿಗೆ ಪೆಟ್ಟು, ಎಂದು ಸಹಾಯಕ ಒಂದು ಸಾಲು ಬರೆದಿದ್ದ. ಆಮೇಲೆ ವಿಚಾರಣೆ ನಡೆಯಿತು. ಆ ದಿನದ ಡ್ಯೂಟಿ ಪುಸ್ತಕ ನೋಡಿ ಸ್ನೇಹಲ್‌ಳನ್ನೂ ಕರೆದರು. ತಾನು ಆಗ ಬೇರೆ ಕಡೆ ನೋಡುತ್ತಿದ್ದೆ ಎಂದಳಂತೆ. ಚೀಫ್‌ಗೆ ಎಚ್ಚರಿಕೆ ಕೊಟ್ಟು ಬೇರೆ ಕಡೆಗೆ ಕಳಿಸಿದರು. ಸುಳ್ಳು ಸಹಿಗೆ ಯಕ್ಷಿತಾಗೆ ಹದಿನಾಲ್ಕು ದಿನ ರಜೆ ಇಲ್ಲದ ಶಿಕ್ಷೆಯಾಯಿತು. ಅಧಿಕಾರಿ ಅಲ್ಲಿಯೇ ಉಳಿದರು. ಎದುರಾದಾಗ ಅವಳ ಸೆಲ್ಯೂಟ್ ಸ್ವೀಕರಿಸಿ ಮುಂದೆ ಹೋಗುತ್ತಿದ್ದರು, ಅಷ್ಟೇ.

ಉಳಿಸಿಕೊಳ್ಳುವವರ ಪಟ್ಟಿಯಲ್ಲಿ ತನ್ನ ಹೆಸರು ಬರುವುದಿಲ್ಲವೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆದರೆ ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಬೋರ್ಡಿನ ಕೊನೆಯ ಕಾಗದ ಕೈಗೆ ಬಂದಾಗ ಅವಳು ಊರುಗೋಲು ಹಿಡಿದು ಮನೆಯಲ್ಲಿ ರಜೆಯ ಮೇಲಿದ್ದಳು. ನೀಲಾವತಿ ಅಕ್ಕಿ ಆರಿಸುತ್ತ ಕೂತಿದ್ದರು.

"ಎಂತ ಬರ್ದಿದ್ದಾರೆ, ಓದು."

ಇಂಗ್ಲಿಷಿನಲ್ಲಿದ್ದುದನ್ನು ಅವಳು ತಡವರಿಸುತ್ತ ಕನ್ನಡಕ್ಕೆ ತಂದಳು. "ಡ್ಯೂಟಿ ಮೇಲೆ ಇರುವಾಗ ಆದ ಪೆಟ್ಟು. ಇದು ಸರ್ವಿಸಿನಿಂದಲೇ ಆದದ್ದು."

"ಅಂದ್ರೆ ನಿನ್ನ ತಪ್ಪಲ್ಲ ಅಂತ?"

"ಹಾಗೆ ಬರ್ದಿಲ್ಲ ಅಮ್ಮ. ಕೆಲ್ಸ ಮಾಡ್ತಾ ಇದ್ದೆ ಅಂತ ಬರ್ದಿದ್ದಾರೆ."

"ಅಷ್ಟೇಯಾ?"

"ಅಷ್ಟೇ."

ನೀಲಾವತಿ ಮೊರ ಬದಿಗಿಟ್ಟು ಬಂದು, ಮಗಳ ಮಂಡಿಯ ಕೆಳಗೆ ದಿಂಬು ಸರಿಮಾಡಿದರು. ಹೊರಗಿನ ನಲ್ಲಿಯಲ್ಲಿ ನೀರು ಬಂದಿತ್ತು, ಹೆಂಗಸರು ಕೊಡಗಳನ್ನು ಸಾಲಿಗಿಡುವ ಸದ್ದು ಕೇಳುತ್ತಿತ್ತು. ಯಕ್ಷಿತಾ ಕಾಗದವನ್ನು ಮಡಚಿ ಪಕ್ಕದಲ್ಲಿಟ್ಟು ಕಣ್ಣು ಮುಚ್ಚಿದಳು. ಸಂಜೆ ಅಪ್ಪ ಬಂದು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಾಗಲೂ ಅವಳಿಗೆ ಎಚ್ಚರವಾಗಲಿಲ್ಲ.