ತಾಯಿಯ ತಾಯಿಯ ತಾಯಿ

"ಅಪ್ಪಾ, ಖರೇ ಹೇಳ್ರಿ, ಆ ನಳಿಕಿಯೊಳಗ ಏನು ಹಾಕಿ ಕಳಿಸಿದ್ರಿ?" ಸಂಭಾಜಿನಗರದಿಂದ ಮಗಳು ಪ್ರಿಯಂವದಾ ಫೋನಿನಲ್ಲಿ ನಗು ತಡೆಯಲಾರದೆ ಕೇಳಿದಳು.

"ಏನ ಹಾಕ್ತಾರ? ಉಗುಳು," ಎಂದರು ರಘೋತ್ತಮರಾಯರು.

"ಬರೇ ಉಗುಳಾ?"

ರಾಯರು ಮಡಿಯುಟ್ಟು, ಆಚಮನ ಮಾಡಿ, ತೀರ್ಥದ ಜೊತೆ ಎರಡು ತುಳಸಿ ದಳ ಬಾಯಿಗೆ ಹಾಕಿಕೊಂಡ ಮೇಲೆಯೇ ಉಗುಳಿದ್ದರು. ವಂಶದ ಡಿಎನ್‌ಎ ಪರೀಕ್ಷೆ ಅಂದಮೇಲೆ ಬರೀ ಎಂಜಲು ಕಳಿಸುವುದುಂಟೇ?

"ಲ್ಯಾಬಿನವರು ಎಲಿ ಚೂರು ಸಿಕ್ಕಾವ, ಸ್ಯಾಂಪಲ್ ಕೆಟ್ಟದ ಅಂದ್ರು. ಅವರಿಗೆ ಬೇಕಾಗಿದ್ದು ಎಂಜಲೇ ಅಪ್ಪಾ! ಇನ್ನೊಂದು ಡಬ್ಬಿ ಕಳಸ್ತೀನಿ."

ಬ್ಯಾಂಕಿನ ವರ್ಗಾವಣೆಯಲ್ಲಿ ಬಾಗಲಕೋಟೆ ಬಿಟ್ಟು ನಾಶಿಕಕ್ಕೆ ಬಂದ ರಾಯರು ನಿವೃತ್ತರಾಗಿ ಅಲ್ಲೇ ಉಳಿದಿದ್ದರು. ಆರು ವರ್ಷದಿಂದ ಮನೆತನದ ಕಾದಂಬರಿ ಬರೆಯುತ್ತಿದ್ದರು. 'ಹದಿನಾಲ್ಕು ತಲೆಮಾರಿನಿಂದ ಒಂದು ಹನಿಯೂ ಬೆರಕೆಯಾಗದ ರಕ್ತ ನಮ್ಮದು' ಎಂಬುದು ಅದರ ಮೊದಲ ಸಾಲು. ಬರುವ ತಿಂಗಳು ಸಂಭಾಜಿನಗರದ ಕನ್ನಡ ಬಳಗದಲ್ಲಿ ಮೊದಲ ಅಧ್ಯಾಯ ಓದುವುದಿತ್ತು. ಈಗಿನ ಓದುಗ ಪುರಾವೆ ಕೇಳುತ್ತಾನೆ, ವಿಜ್ಞಾನದ ಮುದ್ರೆಯೂ ಒಂದಿರಲಿ ಎಂದು ಪರೀಕ್ಷೆಗೆ ಹೊರಟಿದ್ದರು. "ರಕ್ತದ ಮ್ಯಾಲೆ ಜಾತಿ ಹೆಸರು ಬರಕೊಂಡಿರಂಗಿಲ್ಲಪ್ಪಾ. ನಾವೆಲ್ಲಾರೂ ಮಿಸಳೇ, ಬೆರಕಿನೇ," ಎಂದು ಜೀವಶಾಸ್ತ್ರ ಕಲಿಸುವ ಮಗಳು ಮೊದಲೇ ಹೇಳಿದ್ದಳು. ಕೇಳಬೇಕಲ್ಲ ಈ ಮಹಾರಾಯರು!

ಎರಡನೇ ಡಬ್ಬಿಯ ಜೊತೆ ಒಂದು ಅರ್ಜಿಯೂ ಬಂತು. ಅಪ್ಪನ ಕಡೆಯ ಹೆಸರುಗಳನ್ನು ರಾಯರು ಒಂದೇ ಉಸಿರಿನಲ್ಲಿ ತುಂಬಿದರು. 'ತಾಯಿಯ ತಾಯಿಯ ತಾಯಿ: ಹೆಸರು, ಊರು' ಎಂಬಲ್ಲಿ ಪೆನ್ನು ನಿಂತಿತು. ವರ್ಷ ವರ್ಷವೂ ಪಕ್ಷಮಾಸದಲ್ಲಿ ಅಷ್ಟೊಂದು ಹಿರಿಯರಿಗೆ ಎಳ್ಳುನೀರು ಬಿಟ್ಟವರು. ಆ ಹೆಂಗಸಿನ ಹೆಸರು ಹೇಳುವ ಪದ್ಧತಿಯೇ ಇರಲಿಲ್ಲ.

"ನನ್ನ ಮಾರಿ ಏನ ನೋಡ್ತೀರಿ? ಜಮಖಂಡಿಗೆ ಫೋನ್ ಹಚ್ರಿ, ನಿಮ್ಮ ಅಕ್ಕನ್ನ ಕೇಳ್ರಿ," ಎಂದರು ಹೆಂಡತಿ ಸುಮನ.

ಅಕ್ಕ ಗೋದಾವರಿ ಮೊದಲು ನಕ್ಕಳು. "ಎಂಬತ್ತೊಂದಾತು ನನಗ. ನಮ್ಮಜ್ಜಿಯ ಅವ್ವನ ಹೆಸರು ಕೇಳಿದವ ನೀನೇ ಮೊದಲಿಗ. ಚಿಮಣಾ ಅಂತ."

"ಯಾವ ಊರಿನವಳು? ಯಾರ ಪೈಕಿ?"

ಅಕ್ಕ ದನಿ ತಗ್ಗಿಸಿದಳು.

"ಯಾರಿಗೆ ಗೊತ್ತಪಾ. ಪ್ಲೇಗಿನ ವರ್ಷ ಊರ ಹೊರಗ ಗುಡಿಸಲದಾಗ ಅಳಕೋತ ಕೂತಿತ್ತಂತ ಕೂಸು. ಮಕ್ಕಳಿಲ್ಲದವರು ಎತ್ತಿಕೊಂಡು ಬಂದ್ರು. ಯಾವ ಜಾತಿ, ಯಾವ ಭಾಷಾ, ಏನೂ ತಿಳೀಲಿಲ್ಲ. ಯಾರ ಮುಂದೂ ಆಡಬ್ಯಾಡ ಅಂತ ಅಜ್ಜಿ ನನ್ನ ಕಡೆ ಆಣಿ ಹಾಕಿಸಿಕೊಂಡಿದ್ಲು. ಇಷ್ಟು ವರ್ಷ ಹೊಟ್ಟಿಯೊಳಗೇ ಇಟ್ಟಿದ್ದೆ ನೋಡು, ರಘೂ."

ರಾಯರು ಎರಡು ದಿನ ನೆಟ್ಟಗೆ ಉಣ್ಣಲಿಲ್ಲ. ಮೂರನೇ ದಿನ ಹಸ್ತಪ್ರತಿಯ ಕಟ್ಟು ಎತ್ತಿ, "ಹರದು ಒಗೀತೀನಿ ಇದನ್ನ. ಎಲ್ಲಾ ಸುಳ್ಳಾತು," ಎಂದರು.

"ಹರೀರಿ, ಬ್ಯಾಡ ಅನ್ನಂಗಿಲ್ಲ," ಸುಮನ ಸೊಪ್ಪು ಸೋಸುತ್ತಲೇ ಅಂದರು. "ಆದ್ರ ಪ್ಲೇಗಿನಾಗ ಮಂದಿ ತಮ್ಮವರ ಹೆಣಾ ಬಿಟ್ಟು ಓಡತಿದ್ರಂತ. ಅಂಥಾದ್ರಾಗ ಯಾರದೋ ಕೂಸನ್ನ ಎತ್ತಿಕೊಂಡವರ ಎದಿಗಾರಿಕಿ ಎಂಥಾದ್ದಿರಬೇಕ್ರಿ? ಆಕಿ ಉಳೀಲಿಲ್ಲಂದ್ರ ನೀವೆಲ್ಲಿಂದ ಬರ್ತಿದ್ರಿ?"

ರಾಯರು ಕಟ್ಟನ್ನು ಕೆಳಗಿಟ್ಟು, ಮೊದಲ ಹಾಳೆಯನ್ನಷ್ಟೇ ಹರಿದರು.

ಮರುತಿಂಗಳು, ಬಳಗದ ಓದಿದ್ದ ರವಿವಾರ, ಸಂಭಾಜಿನಗರದಲ್ಲಿ ಉಡುಪಿಯವರ ಹೋಟೆಲಿನ ಮಹಡಿಯ ಸಭಾಂಗಣದಲ್ಲಿ ಮೂವತ್ತು ಮಂದಿ ಕೂತಿದ್ದರು. ಅರ್ಧಕ್ಕರ್ಧ ರಾಯರ ಹಳೇ ಬ್ಯಾಂಕಿನವರು, ಅವರ ಬಾಯಿಂದ ಹದಿನಾಲ್ಕು ತಲೆಮಾರು ಕೇಳಿ ಕೇಳಿ ಬೇಸತ್ತವರು. ಜಮಖಂಡಿಯ ಅಕ್ಕನಿಗೂ ಕೇಳಲೆಂದು ಸುಮನ ಫೋನು ಎತ್ತಿ ಹಿಡಿದಿದ್ದರು. ರಾಯರು ಇವತ್ತು ಮರ್ಯಾದೆ ಹೋದರೆ ಹೋಗಲಿ ಎಂದುಕೊಂಡು ಓದಿದರು:

"ಪ್ಲೇಗಿನ ವರ್ಷ ಊರ ಹೊರಗಿನ ಗುಡಿಸಲಿನಲ್ಲಿ ಒಂದು ಕೂಸು ಅಳುತ್ತಿತ್ತು. ಅದು ಯಾರದೆಂದು ಯಾರಿಗೂ ಗೊತ್ತಿರಲಿಲ್ಲ. ಎತ್ತಿಕೊಂಡವರು ಅದಕ್ಕೆ ಚಿಮಣಾ ಎಂದು ಹೆಸರಿಟ್ಟರು. ನಾನು ಆಕೆಯ ಮರಿಮೊಮ್ಮಗ."

ಮುಂದಿನ ಸಾಲಿನಲ್ಲಿ ವಡೆ ಮುರಿಯುತ್ತಿದ್ದವರ ಕೈ ಅಲ್ಲೇ ನಿಂತಿತು. ಹಿಂದೆ ಕೂತಿದ್ದ ಪ್ರಿಯಂವದಾ ಅಪ್ಪನನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಸುಮನ ಅವರ ಕೈಯೊಳಗಿನ ಫೋನು ಮಾತಾಡಿತು.

"ರಘೂ, ಆಕೀ ಹೆಸರು ಇನ್ನೊಮ್ಮೆ ಓದೋ."

ರಾಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಹಾಳೆ ನೋಡದೆ, ಇಡೀ ಸಭೆಗೆ ಕೇಳುವಂತೆ, ಆ ಹೆಸರು ಹೇಳಿದರು.